ಜಪಾನಿನಲ್ಲಿ ಹಳೆಯ ಫ್ಲ್ಯಾಟ್ ಕೊಂಡು ಬಾಡಿಗೆಗೆ ಬಿಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟೋಕಿಯೊ, ಒಸಾಕಾ, ಫುಕುವೋಕಾದಂಥ ನಗರಗಳಲ್ಲಿ ಮೂವತ್ತು, ನಲವತ್ತು ವರ್ಷ ಹಳೆಯ ಕಾಂಕ್ರೀಟ್ ಕಟ್ಟಡದ ಒಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಬಿಡಬೇಕೆಂದಿರುವವರಿಗಾಗಿ ಈ ಪುಟ. ಜಪಾನಿನಲ್ಲಿ ಕೆಲಸದಲ್ಲಿರುವ ಕನ್ನಡಿಗರೂ ಊರಿನಲ್ಲಿದ್ದುಕೊಂಡೇ ಕೊಳ್ಳಲು ಹೊರಟವರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ತೆರಿಗೆಯ ರಿಯಾಯಿತಿ ದರಗಳು ಆಗಾಗ ಬದಲಾಗುತ್ತವೆ, ಸಹಿ ಹಾಕುವ ಮುಂಚೆ ಆ ದಿನದ ದರ ನೋಡಿಕೊಳ್ಳಿ.

ವಿದೇಶಿಯರು ಕೊಳ್ಳಬಹುದೇ? ಕೊಂಡರೆ ವೀಸಾ ಸಿಗುತ್ತದೆಯೇ?

ಕೊಳ್ಳಬಹುದು. ಫ್ಲ್ಯಾಟಿನ ಜೊತೆಗೆ ಜಾಗದಲ್ಲಿ ನಿಮ್ಮ ಪಾಲೂ ನಿಮ್ಮ ಹೆಸರಿಗೇ ನೋಂದಣಿಯಾಗುತ್ತದೆ. ವೀಸಾ ಮಾತ್ರ ಸಿಗುವುದಿಲ್ಲ. ಆಸ್ತಿ ಇರುವುದಕ್ಕೂ ಅಲ್ಲಿ ವಾಸಿಸುವ ಹಕ್ಕಿಗೂ ಸಂಬಂಧವಿಲ್ಲ.

ಜಪಾನಿನ ಹೊರಗಿರುವವರು ಹೂಡಿಕೆಗೆಂದು ಕೊಂಡರೆ 20 ದಿನಗಳೊಳಗೆ ಬ್ಯಾಂಕ್ ಆಫ್ ಜಪಾನ್ ಮೂಲಕ ಅಲ್ಲಿನ ಹಣಕಾಸು ಸಚಿವರಿಗೆ ವರದಿ ಕೊಡಬೇಕು. ದಲ್ಲಾಳಿಗಳು ಇದನ್ನು ಹೇಳಲು ಮರೆಯುವುದುಂಟು, ನೀವೇ ಕೇಳಿ ಮಾಡಿಸಿ. 2024ರ ಏಪ್ರಿಲ್ 1ರಿಂದ ಹೊರದೇಶದ ಮಾಲೀಕರು ನೋಂದಣಿ ವೇಳೆ ಜಪಾನಿನೊಳಗಿನ ಸಂಪರ್ಕ ವಿಳಾಸದ ವಿವರವನ್ನೂ ಕೊಡಬೇಕಾಗಿದೆ.

ಹೊಸದನ್ನು ಬಿಟ್ಟು ಹಳೆಯದೇ ಏಕೆ?

ಹೊಸ ಒಂದು ಕೋಣೆಯ ಫ್ಲ್ಯಾಟಿನ ಬೆಲೆಯಲ್ಲಿ ಕಟ್ಟಿದವರ ಲಾಭ, ಜಾಹೀರಾತಿನ ಖರ್ಚು ಎಲ್ಲ ಸೇರಿರುತ್ತದೆ. ನೀವು ಕೀಲಿ ತೆಗೆದುಕೊಂಡ ದಿನವೇ ಅದು ಹಳೆಯ ಫ್ಲ್ಯಾಟುಗಳ ಬೆಲೆಯತ್ತ ಇಳಿಯತೊಡಗುತ್ತದೆ. ಹಳೆಯದರಲ್ಲಿ ಆ ಇಳಿತ ಬಹುಪಾಲು ಮುಗಿದಿರುತ್ತದೆ. ನಿಲ್ದಾಣ ಹತ್ತಿರವಿದ್ದರೆ ಬಾಡಿಗೆ ಬೆಲೆಯಷ್ಟು ವೇಗವಾಗಿ ಇಳಿಯುವುದಿಲ್ಲ. ಟೋಕಿಯೊದ ವಾರ್ಡುಗಳು ಪುಟ್ಟ ಫ್ಲ್ಯಾಟುಗಳ ಹೊಸ ನಿರ್ಮಾಣವನ್ನು ಬಿಗಿಗೊಳಿಸಿವೆ. ತೋಶಿಮಾ ವಾರ್ಡು 2004ರಿಂದ 30 ಚದರ ಮೀಟರಿಗಿಂತ ಚಿಕ್ಕ ಹೊಸ ಮನೆಯೊಂದಕ್ಕೆ 5 ಲಕ್ಷ ಯೆನ್ ತೆರಿಗೆಯನ್ನೇ ಹಾಕುತ್ತಿದೆ. ಹೀಗಾಗಿ ಒಳ್ಳೆಯ ಜಾಗದಲ್ಲಿರುವ ಹಳೆಯ ಚಿಕ್ಕ ಫ್ಲ್ಯಾಟುಗಳಿಗೆ ಪೈಪೋಟಿ ಕಡಿಮೆ.

ಆದರೆ ಅಕ್ಕಪಕ್ಕದವುಗಳಿಗಿಂತ ತೀರಾ ಅಗ್ಗವಾಗಿ ಸಿಗುವ ಫ್ಲ್ಯಾಟಿಗೆ ಒಂದು ಕಾರಣ ಇದ್ದೇ ಇರುತ್ತದೆ, ಅದು ಹೆಚ್ಚಾಗಿ ಕಟ್ಟಡದ ಕಾಗದಪತ್ರಗಳಲ್ಲಿ ಸಿಗುತ್ತದೆ. ನಿಗತಾದ ಯುಜಾವಾ ಊರಿನಲ್ಲಿ, ಭೂಮಿಯ ಬೆಲೆ ಗಗನಕ್ಕೇರಿದ ಕಾಲದಲ್ಲಿ ಸ್ಕೀ ಮಾಡುವವರಿಗೆಂದು ಕಟ್ಟಿದ ರೆಸಾರ್ಟ್ ಫ್ಲ್ಯಾಟುಗಳು 1 ಲಕ್ಷ ಯೆನ್‌ಗೂ ಮಾರಾಟಕ್ಕೆ ಬಂದಿವೆ. ಬಿಸಿನೀರಿನ ಸ್ನಾನದ ಕೊಳ, ಲಿಫ್ಟು, ಲಾಬಿಗಳ ಮಾಸಿಕ ಖರ್ಚು ತಪ್ಪುವುದಿಲ್ಲ, ಬಾಡಿಗೆಗೆ ಬರುವವರು ಇಲ್ಲ. ಅಲ್ಲಿ ನೀವು ಕೊಳ್ಳುವುದು ತಿಂಗಳು ತಿಂಗಳು ಕಟ್ಟಬೇಕಾದ ಬಿಲ್ಲನ್ನು.

1981ರ ಜೂನ್ 1ಕ್ಕೆ ಅಷ್ಟು ಮಹತ್ವ ಏಕೆ?

1978ರ ಮಿಯಾಗಿ ಭೂಕಂಪದ ನಂತರ ತಿದ್ದಿದ ಭೂಕಂಪ ನಿಯಮ ಅಂದು ಜಾರಿಗೆ ಬಂತು. ಅದಕ್ಕೆ ಹಿಂದಿನ ಕಟ್ಟಡಗಳನ್ನು, ನೆಲದ ಅಲುಗಾಟವನ್ನು ಅಳೆಯುವ ಜಪಾನಿನ ಶಿಂದೊ ಮಾಪಕದಲ್ಲಿ 5ರ ಮೇಲ್ಮಟ್ಟದ ಅಲುಗಾಟಕ್ಕೆ ಕುಸಿಯದಂತೆ ಲೆಕ್ಕ ಹಾಕುತ್ತಿದ್ದರು. ಹೊಸ ನಿಯಮದ ಕಟ್ಟಡ 6ರ ಮೇಲ್ಮಟ್ಟದಿಂದ 7ರವರೆಗಿನ ಅಲುಗಾಟದಲ್ಲೂ ಕುಸಿಯಬಾರದು.

ಇಲ್ಲಿ ಎಡವುವವರು ಬಹಳ. ನೋಡಬೇಕಾದದ್ದು ಕಟ್ಟಡ ಮುಗಿದ ದಿನಾಂಕವನ್ನಲ್ಲ, ನಕ್ಷೆಗೆ ಅನುಮೋದನೆ, ಅಂದರೆ ‘ಕೆಂಚಿಕು ಕಾಕುನಿನ್’, ಸಿಕ್ಕ ದಿನಾಂಕವನ್ನು. ಕಟ್ಟಲು ಒಂದೆರಡು ವರ್ಷ ಹಿಡಿಯುವುದರಿಂದ 1982ರ ಮಾರ್ಚಿಯಲ್ಲಿ ಮುಗಿದ ಕಟ್ಟಡ ಹಳೆಯ ನಿಯಮದ್ದೇ ಆಗಿರಬಹುದು. ಜಾಹೀರಾತಿನಲ್ಲಿ 1981ರಿಂದ 1983ರ ನಡುವಿನ ವರ್ಷ ಕಂಡರೆ, ಅನುಮೋದನೆಯ ದಾಖಲೆಯ ಪ್ರಮಾಣಪತ್ರವನ್ನು ಸ್ಥಳೀಯ ಕಚೇರಿಯಿಂದ ತರಿಸಲು ದಲ್ಲಾಳಿಗೆ ಹೇಳಿ.

ಹಳೆಯ ನಿಯಮದ ಕಟ್ಟಡಗಳೆಲ್ಲ ಕೆಟ್ಟವು ಎಂದಲ್ಲ. ಭೂಕಂಪ ತಪಾಸಣೆ ಮಾಡಿಸಿ, ಬಲಪಡಿಸಿ, ‘ಐಎಸ್’ ಎಂಬ ಸೂಚ್ಯಂಕ 0.6 ಅಥವಾ ಹೆಚ್ಚು ಬಂದ ಕಟ್ಟಡಗಳೂ ಇವೆ. ತಪಾಸಣೆಯನ್ನೇ ಮಾಡಿಸದ ಫ್ಲ್ಯಾಟ್ ಮಾಲೀಕರ ಸಂಘಗಳ ವಿಷಯದಲ್ಲಿ ಎಚ್ಚರ ಬೇಕು. ವರದಿ ಬಂದರೆ ಬೆಲೆ ಬೀಳುತ್ತದೆಂಬ ಭಯದಿಂದ ಮುಂದೂಡಿದವರು ಅಲ್ಲಿ ಸಿಗುತ್ತಾರೆ. ಸಾಲ ಕೊಡುವ ಬ್ಯಾಂಕುಗಳೂ ಇಂಥ ಕಟ್ಟಡಗಳಿಂದ ದೂರ ಸರಿಯುವುದರಿಂದ ನಾಳೆ ನಿಮ್ಮಿಂದ ಕೊಳ್ಳುವವರ ಸಂಖ್ಯೆ ಸಣ್ಣದಾಗುತ್ತದೆ.

ಫ್ಲ್ಯಾಟಿನ ಒಳಗೆ ನೋಡಿದರೆ ಸಾಲದೇ?

ಸಾಲದು. ಒಳಗಿನ ಗೋಡೆಕಾಗದ, ನೆಲಹಾಸು ಬದಲಿಸುವುದು ಕೆಲವು ಲಕ್ಷ ಯೆನ್ ಕೆಲಸ. ಹೊರಗೋಡೆ, ತಾರಸಿ, ಲಿಫ್ಟು, ನೀರಿನ ಕೊಳವೆ ಇವು ಸಂಘದ ಕೈಯಲ್ಲಿರುತ್ತವೆ, ನಿಮ್ಮ ಲಾಭ ನಷ್ಟ ಅಲ್ಲೇ ನಿರ್ಧಾರವಾಗುತ್ತದೆ. ‘ಫ್ಲ್ಯಾಟನ್ನಲ್ಲ, ನಿರ್ವಹಣೆಯನ್ನು ಕೊಳ್ಳಿ’ ಎಂಬ ಮಾತು ಜಪಾನಿನ ಮಾರುಕಟ್ಟೆಯಲ್ಲಿ ಬಳಕೆಯಲ್ಲಿದೆ. ನಾವು ಕೊಡುವ ಸಲಹೆಯೂ ಅದೇ.

ಪ್ರತಿ ತಿಂಗಳು ಎರಡು ಮೊತ್ತ ಕಟ್ಟುತ್ತೀರಿ. ‘ಕಾನ್ರಿಹಿ’ ಎಂಬುದು ದಿನನಿತ್ಯದ ಮೇಂಟೆನೆನ್ಸ್. ‘ಶೂಜೆನ್ ತ್ಸುಮಿತಾತೆಕಿನ್’ ಎಂಬುದು ದೊಡ್ಡ ದುರಸ್ತಿಗೆ ಕೂಡಿಡುವ ನಿಧಿ. ಬೆಂಗಳೂರಿನ ಕಾರ್ಪಸ್ ಫಂಡ್ ಸಾಮಾನ್ಯವಾಗಿ ಕೊಳ್ಳುವಾಗ ಒಮ್ಮೆ ಕಟ್ಟುವಂಥದ್ದು, ಇದು ಮಾಲೀಕರಾಗಿರುವಷ್ಟು ಕಾಲ ನಡೆಯುತ್ತದೆ, ಏರುತ್ತಲೂ ಹೋಗುತ್ತದೆ. ಸುಮಾರು 12ರಿಂದ 15 ವರ್ಷಕ್ಕೊಮ್ಮೆ ಕಟ್ಟಡದ ಸುತ್ತ ಸಾರುವೆ ಕಟ್ಟಿ ಹೊರಗೋಡೆ, ಜಲನಿರೋಧಕ ಪದರ, ಕಬ್ಬಿಣದ ಭಾಗಗಳನ್ನೆಲ್ಲ ಸರಿಪಡಿಸುತ್ತಾರೆ. ಆ ಹಣ ಈ ನಿಧಿಯಿಂದಲೇ ಬರಬೇಕು.

ಬೆಲೆ ಒಪ್ಪುವ ಮೊದಲೇ, ಕಟ್ಟಡ ನೋಡಿಕೊಳ್ಳಲು ಸಂಘ ನೇಮಿಸಿದ ನಿರ್ವಹಣಾ ಸಂಸ್ಥೆಯಿಂದ ‘ಜೂಯೋ ಜಿಕೋ ಚೋಸಾ ಹೋಕೊಕುಶೋ’ ಎಂಬ ವಿವರಣಾ ವರದಿಯನ್ನು ದಲ್ಲಾಳಿಯ ಮೂಲಕ ತರಿಸಿ. ಜೊತೆಗೆ ಕಳೆದ ಮೂರು ವರ್ಷದ ಸಭಾ ನಡವಳಿ, ಲೆಕ್ಕಪತ್ರ, ದೀರ್ಘಾವಧಿ ದುರಸ್ತಿ ಯೋಜನೆ, ಸಂಘದ ನಿಯಮಾವಳಿ ಕೇಳಿ. ಒಪ್ಪಂದದ ದಿನ ಇವನ್ನು ಕೈಗಿಡುವ ದಲ್ಲಾಳಿ ನಿಮಗೆ ಓದಲು ಸಮಯವನ್ನೇ ಕೊಟ್ಟಂತಾಗಲಿಲ್ಲ.

ವರದಿಯಲ್ಲಿ ಮೊದಲು ನೋಡಬೇಕಾದದ್ದು ಇಡೀ ಕಟ್ಟಡದ ನಿಧಿಯಲ್ಲಿ ಉಳಿದಿರುವ ಹಣ ಮತ್ತು ಸಂಘದ ಮೇಲಿರುವ ಸಾಲ. ಬಳಿಕ ಬಾಕಿದಾರರ ಮೊತ್ತ. ಮಾರುವವರು ಉಳಿಸಿದ ಬಾಕಿ ಕಟ್ಟುವ ಹೊಣೆ ಕಾನೂನಿನ ಪ್ರಕಾರ ಕೊಂಡವರ ಮೇಲೂ ಬೀಳುತ್ತದೆ, ಆದ್ದರಿಂದ ಹಣ ಪಾವತಿಸುವ ದಿನವೇ ಅದನ್ನು ಬೆಲೆಯಲ್ಲಿ ಕಳೆದು ತೀರಿಸಿಕೊಳ್ಳಿ. ಮೂರನೆಯದು ಯಾಂತ್ರಿಕ ಪಾರ್ಕಿಂಗ್. ಕಾರಿಟ್ಟುಕೊಳ್ಳುವವರು ಕಡಿಮೆಯಾಗಿ ಅರ್ಧ ಖಾಲಿ ಬಿದ್ದರೆ ಅದರ ಬಾಡಿಗೆ ಆದಾಯ ನಿಲ್ಲುತ್ತದೆ, ಯಂತ್ರದ ದುರಸ್ತಿ ಮಾತ್ರ ನಿಲ್ಲುವುದಿಲ್ಲ. ಸಭಾ ನಡವಳಿಯಲ್ಲಿ ನಿಧಿ ಏರಿಕೆ, ಒಮ್ಮೆಗೇ ವಸೂಲಿ ಮಾಡುವ ಮೊತ್ತ, ನೀರು ಸೋರಿಕೆ, ಮೊಕದ್ದಮೆ ಎಂಬ ಮಾತುಗಳನ್ನು ಹುಡುಕಿ. ‘ನಿಧಿ ಏರಿಕೆ: ಮುಂದಿನ ವರ್ಷ ಚರ್ಚಿಸುವುದು’ ಎಂದು ಮೂರು ವರ್ಷವೂ ಬರೆದಿದ್ದರೆ ಆ ಏರಿಕೆ ನಿಮ್ಮ ಹೆಸರಿಗೇ ಬರಲಿದೆ ಎಂದು ಲೆಕ್ಕ ಹಾಕಿ.

ಹದಿನೈದು ಇಪ್ಪತ್ತು ಮನೆಗಳ ಸಣ್ಣ ಕಟ್ಟಡದಲ್ಲಿ ಲಿಫ್ಟಿನ ಖರ್ಚು ಹಂಚಿಕೊಳ್ಳುವವರು ಕಡಿಮೆ. ಬಾಡಿಗೆಗೆಂದೇ ಕೊಂಡ ಮಾಲೀಕರು ತುಂಬಿರುವ ಕಟ್ಟಡದಲ್ಲಿ ಸಭೆಗೆ ಯಾರೂ ಬರುವುದಿಲ್ಲ, ನಿರ್ವಹಣಾ ಸಂಸ್ಥೆ ಹೇಳಿದ ಬೆಲೆಗೇ ಕೆಲಸ ಆಗುತ್ತದೆ. ಸಂಸ್ಥೆಯನ್ನೇ ನೇಮಿಸದೆ ತಾವೇ ನಡೆಸಿಕೊಳ್ಳುವ ಸಂಘಗಳಲ್ಲಿ ಶುಲ್ಕ ಕಡಿಮೆ, ಕಡತಗಳೂ ಕಡಿಮೆ.

ದುರಸ್ತಿ ನಿಧಿ ಎಷ್ಟಿರಬೇಕು?

ಜಪಾನಿನ ಭೂಮಿ, ಮೂಲಸೌಕರ್ಯ, ಸಾರಿಗೆ ಸಚಿವಾಲಯದ 2021ರ ಮಾರ್ಗಸೂಚಿಯಲ್ಲಿ, 20 ಮಹಡಿಗಿಂತ ಕಡಿಮೆಯಿದ್ದು ಒಟ್ಟು 5,000 ಚದರ ಮೀಟರಿಗಿಂತ ಚಿಕ್ಕದಾದ ಕಟ್ಟಡಕ್ಕೆ ತಿಂಗಳಿಗೆ ಚದರ ಮೀಟರಿಗೆ ಸರಾಸರಿ 335 ಯೆನ್ ಎಂದಿದೆ. 20 ಚದರ ಮೀಟರ್ ಫ್ಲ್ಯಾಟಿಗೆ 6,700 ಯೆನ್ ಆಯಿತು. ಯಾಂತ್ರಿಕ ಪಾರ್ಕಿಂಗ್ ಇದ್ದರೆ ಇನ್ನೂ ಹೆಚ್ಚು. ನೀವು ನೋಡುತ್ತಿರುವ ಫ್ಲ್ಯಾಟಿಗೆ ಬರೀ 2,000 ಅಥವಾ 3,000 ಯೆನ್ ಇದ್ದರೆ ಅದನ್ನು ಲಾಭವೆಂದು ಎಣಿಸಬೇಡಿ. ಅನೇಕ ಕಟ್ಟಡಗಳಲ್ಲಿ ಮಾರಾಟ ಸುಲಭವಾಗಲೆಂದು ಮೊದಲು ಕಡಿಮೆ ಇಟ್ಟು ಕಾಲಕಾಲಕ್ಕೆ ಏರಿಸುವ ಪದ್ಧತಿ ಹಾಕಿಕೊಂಡಿರುತ್ತಾರೆ, ಏರಿಸುವ ಸಭೆಯಲ್ಲಿ ಒಪ್ಪಿಗೆ ಸಿಗದೆ ನಿಧಿ ಬರಿದಾಗುತ್ತದೆ.

ಜಾಹೀರಾತಿನಲ್ಲಿ ಶೇ. 7.7 ಲಾಭ ಎನ್ನುತ್ತಾರೆ. ಕೈಗೆ ಎಷ್ಟು ಬರುತ್ತದೆ?

ಒಂದು ಉದಾಹರಣೆ ಲೆಕ್ಕ ನೋಡಿ. 20 ಚದರ ಮೀಟರ್, ಅಂದರೆ ಸುಮಾರು 215 ಚದರ ಅಡಿ. ಬೆಲೆ 90 ಲಕ್ಷ ಯೆನ್, ಬಾಡಿಗೆ 58,000. ವರ್ಷಕ್ಕೆ 6,96,000 ಯೆನ್, ಬೆಲೆಗೆ ಭಾಗಿಸಿದರೆ ಶೇ. 7.7. ಜಾಹೀರಾತು ಇಲ್ಲಿಗೆ ನಿಲ್ಲುತ್ತದೆ.

ಕೊಳ್ಳುವ ಖರ್ಚು: ದಲ್ಲಾಳಿ ಶುಲ್ಕದ ಗರಿಷ್ಠ ಮಿತಿ ಬೆಲೆಯ ಶೇ. 3 ಜೊತೆಗೆ 60,000, ಅದರ ಮೇಲೆ ಶೇ. 10 ಬಳಕೆ ತೆರಿಗೆ, ಒಟ್ಟು 3,63,000. ನೋಂದಣಿ ತೆರಿಗೆ, ಸ್ವಾಧೀನ ತೆರಿಗೆ, ನೋಂದಣಿ ಮಾಡಿಸುವ ವಕೀಲರ ಶುಲ್ಕ, ಸ್ಟ್ಯಾಂಪು, ಆ ವರ್ಷದ ಆಸ್ತಿ ತೆರಿಗೆಯ ಪಾಲು ಸೇರಿ ಸುಮಾರು 2,60,000. ಹಾಕಿದ ಹಣ 96,23,000 ಆಯಿತು.

ವರ್ಷದ ಖರ್ಚು: ಮೇಂಟೆನೆನ್ಸ್ 8,500 ಮತ್ತು ನಿಧಿ 3,000 ಸೇರಿ ವರ್ಷಕ್ಕೆ 1,38,000. ಬಾಡಿಗೆ ನೋಡಿಕೊಳ್ಳುವ ಸಂಸ್ಥೆಗೆ ಶೇ. 5 ಮತ್ತು ತೆರಿಗೆ, 38,000. ಆಸ್ತಿ ತೆರಿಗೆ 32,000, ವಿಮೆ 8,000. ಮೂರು ವರ್ಷಕ್ಕೊಮ್ಮೆ ಬಾಡಿಗೆದಾರರು ಬದಲಾಗಿ ಒಂದೂವರೆ ತಿಂಗಳು ಖಾಲಿ ಬಿದ್ದರೆ ವರ್ಷಕ್ಕೆ 29,000 ನಷ್ಟ. ಆಗಿನ ದುರಸ್ತಿಗೆ 1,50,000 ಮತ್ತು ಹೊಸಬರನ್ನು ತಂದ ಸಂಸ್ಥೆಗೆ ಒಂದು ತಿಂಗಳ ಬಾಡಿಗೆ, ವರ್ಷಕ್ಕೆ ಹಂಚಿದರೆ 69,000. ಗೀಸರು, ಏಸಿ ಬದಲಿಸಲು 30,000 ತೆಗೆದಿಡಿ. ಒಟ್ಟು 3,44,000 ಹೋಗಿ ಉಳಿಯುವುದು 3,52,000, ಅಂದರೆ ಶೇ. 3.7ಕ್ಕೂ ಸ್ವಲ್ಪ ಕಡಿಮೆ, ಅದೂ ಆದಾಯ ತೆರಿಗೆಗೆ ಮುಂಚೆ.

ಇನ್ನು ಸಂಘ ನಿಧಿಯನ್ನು 3,000ದಿಂದ 8,000ಕ್ಕೆ ಏರಿಸಿತೆನ್ನಿ. ಆ ಲಾಭ ಶೇ. 3ಕ್ಕೆ ಇಳಿಯುತ್ತದೆ. ಒಮ್ಮೆಗೇ 3 ಲಕ್ಷ ಕೊಡಿ ಎಂದರೆ ಒಂದು ವರ್ಷದ ಆದಾಯ ಪೂರ್ತಿ ಹೋಯಿತು. ಕೊಳ್ಳುವ ಮುಂಚೆ ಈ ಎರಡೂ ಸಂದರ್ಭಗಳ ಲೆಕ್ಕ ಹಾಕಿ, ಆಗಲೂ ಒಪ್ಪಿಗೆಯಾದರೆ ಮಾತ್ರ ಮುಂದುವರಿಯಿರಿ.

ಹಳೆಯ ಕಟ್ಟಡದಲ್ಲಿ ಏನೇನು ಕೆಡುತ್ತದೆ?

ಕೊಳವೆಗಳು ಮೊದಲು. ಹಳೆಯ ಉಕ್ಕಿನ ಕೊಳವೆಗಳು ಒಳಗಿನಿಂದ ತುಕ್ಕು ಹಿಡಿದು, ತಿರುಚು ಹಾಕಿ ಜೋಡಿಸಿದ ಕಡೆ ತೂತಾಗುತ್ತವೆ. ಆ ಕಾಲದ ಹಲವು ಕಟ್ಟಡಗಳಲ್ಲಿ ನಿಮ್ಮ ಬಚ್ಚಲಿನ ಕೊಳವೆ ನೆಲದ ಕಾಂಕ್ರೀಟನ್ನು ದಾಟಿ ಕೆಳಗಿನ ಮನೆಯ ಸೂರಿನಲ್ಲಿ ಹಾದುಹೋಗುತ್ತದೆ. ಸೋರಿದರೆ ಒದ್ದೆಯಾಗುವುದು ಕೆಳಗಿನವರ ಮನೆ, ಸರಿಪಡಿಸಲು ಒಡೆಯಬೇಕಾದದ್ದೂ ಅವರ ಸೂರೇ. ಇಂಥ ಒಂದು ಪ್ರಕರಣದಲ್ಲಿ ಆ ಕೊಳವೆ ಸಾಮೂಹಿಕ ಭಾಗ ಎಂದು ಜಪಾನಿನ ಸುಪ್ರೀಂ ಕೋರ್ಟ್ 2000ದ ಮಾರ್ಚಿಯಲ್ಲಿ ತೀರ್ಪು ಕೊಟ್ಟಿತು. ಆದರೂ ಸಂಘದೊಂದಿಗೆ ವಾದ ನಡೆಯುತ್ತಲೇ ಇರುತ್ತದೆ. ಕೊಳವೆಗಳನ್ನು ಯಾವ ವರ್ಷ ಬದಲಿಸಿದರು, ಎದ್ದು ನಿಂತ ಮುಖ್ಯ ಕೊಳವೆಗಳನ್ನು ಮಾತ್ರವೋ ಮನೆಯೊಳಗಿನವನ್ನೂ ಸೇರಿಸಿಯೋ ಎಂದು ಕೇಳಿ. ನೀರು ಸೋರಿ ಇತರರಿಗಾದ ಹಾನಿಯನ್ನು ಭರಿಸುವ ಹೊಣೆಗಾರಿಕೆ ವಿಮೆ ನಿಮ್ಮ ಪಾಲಿಸಿಯಲ್ಲಿ ಇರಲೇಬೇಕು.

ವಿದ್ಯುತ್ತಿನ ಮಿತಿ ಮನೆಗೆ 30 ಅಥವಾ 40 ಆಂಪಿಯರ್ ಇರುವ ಕಟ್ಟಡಗಳಿವೆ, ಇಡೀ ಕಟ್ಟಡದ ಮುಖ್ಯ ತಂತಿ ಬದಲಾಗದೆ ಅದನ್ನು ಏರಿಸಲಾಗದು. ಇಂಡಕ್ಷನ್ ಒಲೆ ಹಾಕಿಸುವ ಯೋಜನೆ ಅಲ್ಲಿಗೇ ನಿಲ್ಲುತ್ತದೆ. ವಾಷಿಂಗ್ ಮಷಿನ್ ಇಡಲು ಒಳಗೆ ಜಾಗವಿಲ್ಲದ ಫ್ಲ್ಯಾಟು ಬಾಡಿಗೆಗೆ ಹೋಗುವುದು ನಿಧಾನ. ಸ್ನಾನ, ಶೌಚ, ಕೈತೊಳೆಯುವ ಬೇಸಿನ್ ಒಂದೇ ಡಬ್ಬಿಯೊಳಗಿರುವುದೂ ಹಾಗೆಯೇ. ಬಾಲ್ಕನಿಯಲ್ಲಿ ಮಷಿನ್ ಇಡುವ ಫ್ಲ್ಯಾಟಾದರೆ ಬೆಲೆ ಇಳಿಸಲು ಕೇಳಿ. ಕಲ್ನಾರಿನ ಬಳಕೆಗೆ 2006ರಲ್ಲಿ ನಿಷೇಧ ಬಂದದ್ದು, ಆದ್ದರಿಂದ ಹಳೆಯ ಫ್ಲ್ಯಾಟಿನ ಒಳಭಾಗ ಒಡೆಯುವ ಮುಂಚೆ ಅದರ ತಪಾಸಣೆ ಕಡ್ಡಾಯ. 2023ರ ಅಕ್ಟೋಬರಿನಿಂದ ಅರ್ಹತೆ ಪಡೆದವರೇ ಮಾಡಬೇಕು. ಅಂದಾಜುಪಟ್ಟಿಯಲ್ಲಿ ಈ ಸಾಲು ಇದೆಯೇ ನೋಡಿ.

ಬಾಡಿಗೆದಾರರು ಇರುವಾಗಲೇ ಕೊಳ್ಳುವುದು ಸುರಕ್ಷಿತವೇ?

ಇದಕ್ಕೆ ಅಲ್ಲಿ ‘ಓನರ್ ಚೇಂಜ್’ ಎನ್ನುತ್ತಾರೆ. ಮೊದಲ ತಿಂಗಳಿಂದಲೇ ಬಾಡಿಗೆ ಬರುತ್ತದೆ, ಆದರೆ ಒಳಗೆ ನೋಡಲಾಗುವುದಿಲ್ಲ. ಹತ್ತು ಹದಿನೈದು ವರ್ಷ ಒಬ್ಬರೇ ಇದ್ದರೆ ಅವರು ಬಿಟ್ಟ ದಿನ ಇಡೀ ಫ್ಲ್ಯಾಟನ್ನೇ ಹೊಸದಾಗಿ ಮಾಡಬೇಕಾಗಬಹುದು, ಹೊಸ ಬಾಡಿಗೆ ಹಳೆಯದಕ್ಕಿಂತ ಕಡಿಮೆಯೂ ಆಗಬಹುದು. ಠೇವಣಿ ಹಿಂತಿರುಗಿಸುವ ಹೊಣೆ ನಿಮ್ಮದಾಗುತ್ತದೆ, ಅದನ್ನು ಮಾರುವವರಿಂದ ಲೆಕ್ಕದಲ್ಲಿ ಪಡೆಯಿರಿ. ಬಾಡಿಗೆ ಕರಾರು, ಬಾಕಿ ಇದ್ದರೆ ಅದರ ವಿವರ, ಜಾಮೀನು ಸಂಸ್ಥೆಯ ಕರಾರು ನಿಮ್ಮ ಹೆಸರಿಗೆ ಮುಂದುವರಿಯುತ್ತದೆಯೇ, ಇಷ್ಟನ್ನೂ ಬರಹದಲ್ಲಿ ನೋಡಿ. ಬಾಡಿಗೆದಾರರನ್ನು ಬಿಡಿಸಲು ಕಾನೂನು ‘ನ್ಯಾಯಯುತ ಕಾರಣ’ ಕೇಳುತ್ತದೆ, ಮಾಲೀಕರಿಗೆ ಬೇಕೆನ್ನುವುದಷ್ಟೇ ಕಾರಣವಾಗದು.

ಮಾಲೀಕರಿಂದ ಬಾಡಿಗೆಗೆ ಪಡೆದು ಬೇರೆಯವರಿಗೆ ಬಾಡಿಗೆಗೆ ಕೊಡುವ ಸಬ್‌ಲೀಸ್ ಸಂಸ್ಥೆಯ ಕೈಯಲ್ಲಿ ಫ್ಲ್ಯಾಟಿದ್ದರೆ ಎರಡು ಪಟ್ಟು ಎಚ್ಚರ. ಕಾನೂನಿನ ಕಣ್ಣಿಗೆ ಆ ಸಂಸ್ಥೆಯೇ ಬಾಡಿಗೆದಾರ, ಅದಕ್ಕೂ ಅದೇ ರಕ್ಷಣೆ ಸಿಗುತ್ತದೆ. ಬಾಡಿಗೆ ‘ಖಾತರಿ’ ಎಂದು ಬರೆದಿದ್ದರೂ ಇಳಿಸಲು ಕೇಳುವ ಹಕ್ಕು ಅದಕ್ಕಿದೆ, ಕರಾರು ಮುರಿಯುವುದು ನಿಮಗೆ ಕಷ್ಟ.

ನಿಶಿ-ಕಾಸಾಯಿ ಸುತ್ತ ನಮ್ಮವರೇ ಬಾಡಿಗೆಗೆ ಸಿಗುತ್ತಾರಲ್ಲ, ಅಲ್ಲಿ ಕೊಳ್ಳಬಹುದೇ?

ಎದೊಗಾವಾ ವಾರ್ಡಿನ ನಿಶಿ-ಕಾಸಾಯಿಯಲ್ಲಿ ಭಾರತೀಯರ ಕುಟುಂಬಗಳು ಬಹಳ ಇವೆ, ಬೇಡಿಕೆ ನಿಜ. ಆದರೆ ಆ ವಾರ್ಡಿನ ಬಹುಭಾಗ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ವಾರ್ಡು ಹೊರತಂದ ಪ್ರವಾಹ ನಕ್ಷೆಯ ಮೇಲೆ ‘ಇಲ್ಲಿ ಇರುವುದು ಬೇಡ’ ಎಂದೇ ಅಚ್ಚಾಗಿತ್ತು. ಆ ವರ್ಷದ ಅಕ್ಟೋಬರಿನ ಚಂಡಮಾರುತದಲ್ಲಿ ಕಾವಾಸಾಕಿಯ ಮುಸಾಶಿ-ಕೊಸುಗಿಯ ಎತ್ತರದ ಕಟ್ಟಡವೊಂದರ ನೆಲಮಾಳಿಗೆಯ ವಿದ್ಯುತ್ ಉಪಕರಣ ಮುಳುಗಿ ಲಿಫ್ಟು, ನೀರು ಎರಡೂ ನಿಂತವು. ಮೇಲಿನ ಮಹಡಿ ಕೊಂಡರೆ ಸಾಕು ಎನ್ನಬೇಡಿ, ವಿದ್ಯುತ್ ಫಲಕ ಮತ್ತು ನೀರಿನ ಪಂಪು ಯಾವ ಮಹಡಿಯಲ್ಲಿವೆ ಎಂದು ಕೇಳಿ. 2020ರ ಆಗಸ್ಟಿನಿಂದ ಒಪ್ಪಂದಕ್ಕೆ ಮುಂಚೆ ಪ್ರವಾಹ ನಕ್ಷೆಯಲ್ಲಿ ಕಟ್ಟಡದ ಜಾಗ ತೋರಿಸುವುದು ಕಡ್ಡಾಯವಾಗಿದೆ.

ಕಟ್ಟಡವನ್ನು ಕೆಡವಿ ಹೊಸದು ಕಟ್ಟಿದರೆ ಲಾಭವಲ್ಲವೇ?

ಆ ಆಸೆಯಿಂದ ಕೊಳ್ಳಬೇಡಿ. ಮರುನಿರ್ಮಾಣಕ್ಕೆ ಮಾಲೀಕರಲ್ಲಿ ಐದರಲ್ಲಿ ನಾಲ್ಕು ಭಾಗದ ಒಪ್ಪಿಗೆ ಬೇಕು. 2025ರಲ್ಲಿ ತಿದ್ದಿದ ಕಾನೂನು, ಭೂಕಂಪ ತಡೆಯುವ ಶಕ್ತಿ ಸಾಲದಂಥ ಕಾರಣಗಳಿದ್ದರೆ ಅದನ್ನು ನಾಲ್ಕರಲ್ಲಿ ಮೂರಕ್ಕೆ ಇಳಿಸಿದೆ. ಹಣ ಹೂಡಲು ಮಾಲೀಕರು ಸಿದ್ಧರಿರಬೇಕು. ಹಳೆಯ ಕಟ್ಟಡ ಇಂದಿನ ಮಿತಿಗಿಂತ ದೊಡ್ಡದಾಗಿದ್ದರೆ ಹೊಸದು ಚಿಕ್ಕದೇ ಆಗಬೇಕು. ಗಿಂಜಾದ ಹತ್ತಿರ 1972ರಲ್ಲಿ ಕಟ್ಟಿದ ನಕಾಗಿನ್ ಕ್ಯಾಪ್ಸೂಲ್ ಟವರ್‌ನಲ್ಲಿ 2007ರಲ್ಲೇ ಮರುನಿರ್ಮಾಣಕ್ಕೆ ಒಪ್ಪಿಗೆಯಾಗಿತ್ತು. ಅದು ನಡೆಯಲೇ ಇಲ್ಲ, ಕಟ್ಟಡವನ್ನು ಕೆಡವಿದ್ದು 2022ರಲ್ಲಿ.

ಜಾಗ ಸ್ವಂತದ್ದಲ್ಲದೆ ಗುತ್ತಿಗೆಯದಾದರೆ ಬೆಲೆ ಅಗ್ಗ. ಆದರೆ ತಿಂಗಳ ನೆಲಬಾಡಿಗೆ ಇರುತ್ತದೆ, ಮಾರುವಾಗ ಜಾಗದ ಒಡೆಯರ ಒಪ್ಪಿಗೆಗೆ ಹಣ ಕೊಡಬೇಕಾಗಬಹುದು.

ಕೊಳ್ಳುವ ಹಂತಗಳೇನು?

ಮೊದಲು ಕೊಳ್ಳುವ ಇಂಗಿತ ತಿಳಿಸುವ ಪತ್ರ. ಬಳಿಕ ಪರವಾನಗಿ ಪಡೆದ ತಜ್ಞರು ಮುಖ್ಯ ವಿಷಯಗಳನ್ನು ಓದಿ ವಿವರಿಸುತ್ತಾರೆ. ಜಪಾನಿ ಬಾರದಿದ್ದರೆ ಅನುವಾದಕರನ್ನು ಕೂರಿಸಿಕೊಳ್ಳಿ, ಕರಡನ್ನು ಹಿಂದಿನ ದಿನವೇ ತರಿಸಿ. ಒಪ್ಪಂದದ ದಿನ ಶೇ. 5ರಿಂದ 10 ಮುಂಗಡ. ನೀವು ಹಿಂದೆ ಸರಿದರೆ ಮುಂಗಡ ಹೋಯಿತು, ಮಾರುವವರು ಸರಿದರೆ ಎರಡು ಪಟ್ಟು ಕೊಡಬೇಕು. ಸುಮಾರು ಒಂದು ತಿಂಗಳಲ್ಲಿ ಪೂರ್ತಿ ಹಣ, ಅದೇ ದಿನ ‘ಶಿಹೋ ಶೋಶಿ’ ಎಂಬ ನೋಂದಣಿ ವಕೀಲರು ಅರ್ಜಿ ಹಾಕುತ್ತಾರೆ. ಭಾರತದಲ್ಲಿರುವವರು ನಿವಾಸಪತ್ರ, ಮೊಹರು ಪ್ರಮಾಣಪತ್ರಗಳ ಬದಲು ನೋಟರಿ ಮುಂದೆ ಮಾಡಿದ ಅಫಿಡವಿಟ್, ಪಾಸ್‌ಪೋರ್ಟ್ ಪ್ರತಿ, ಜಪಾನಿ ಅನುವಾದ ಕೊಡಬೇಕು. ಒಕ್ಕಣೆಯನ್ನು ಆ ವಕೀಲರೇ ಬರೆದುಕೊಡಲಿ, ಇಲ್ಲದಿದ್ದರೆ ಎರಡನೇ ಸಲ ನೋಟರಿಗೆ ಹೋಗಬೇಕಾಗುತ್ತದೆ.

ಮಾರುವವರು ರಿಯಲ್ ಎಸ್ಟೇಟ್ ಸಂಸ್ಥೆಯಾದರೆ ದೋಷಗಳಿಗೆ ಕನಿಷ್ಠ 2 ವರ್ಷ ಹೊಣೆ. ಖಾಸಗಿಯವರು ಮೂರು ತಿಂಗಳಿಗೆ ಇಳಿಸುತ್ತಾರೆ, ಅಥವಾ ಹೊಣೆಯೇ ಇಲ್ಲ ಎಂದು ಬರೆಯುತ್ತಾರೆ.

ಸಾಲ ಸಿಗುತ್ತದೆಯೇ?

ಜಪಾನಿನ ಹೊರಗಿರುವವರು ಪೂರ್ತಿ ನಗದು ಎಂದೇ ಯೋಚಿಸಿ. ಶಾಶ್ವತ ನಿವಾಸ ಪಡೆದವರಿಗೆ ಸಿಗುವ ಸಾಧ್ಯತೆ ಹೆಚ್ಚು, ಆದರೆ ಹಲವು ಬ್ಯಾಂಕುಗಳು, ತೆರಿಗೆ ಲೆಕ್ಕದಲ್ಲಿ ಕಾಂಕ್ರೀಟ್ ಕಟ್ಟಡದ ಆಯುಸ್ಸೆಂದು ಹಿಡಿಯುವ 47 ವರ್ಷದಲ್ಲಿ ಕಟ್ಟಡದ ವಯಸ್ಸು ಕಳೆದು ಉಳಿದಷ್ಟನ್ನೇ ಸಾಲದ ಅವಧಿಯಾಗಿ ಕೊಡುತ್ತವೆ. ಸ್ವಂತ ವಾಸದ ಗೃಹಸಾಲ ತೆಗೆದು ಬಾಡಿಗೆಗೆ ಬಿಡುವ ಸಲಹೆ ಯಾರಾದರೂ ಕೊಟ್ಟರೆ ಅವರಿಂದ ದೂರವಿರಿ, ಗೊತ್ತಾದರೆ ಬ್ಯಾಂಕು ಪೂರ್ತಿ ಸಾಲವನ್ನು ಒಮ್ಮೆಗೇ ಕೇಳಬಹುದು.

ಪ್ರವಾಸಿಗರಿಗೆ ದಿನಬಾಡಿಗೆಗೆ ಬಿಡಬಹುದೇ?

2018ರ ಕಾನೂನು ವರ್ಷಕ್ಕೆ 180 ದಿನದ ಮಿತಿ ಹಾಕಿದೆ. ಅದಕ್ಕೂ ಮೊದಲು ಸಂಘದ ನಿಯಮಾವಳಿ ನೋಡಿ, ಹೆಚ್ಚಿನವು ಇದನ್ನು ನಿಷೇಧಿಸಿವೆ.

ತೆರಿಗೆ ಹೇಗೆ?

ವಾಸದ ಕಾಂಕ್ರೀಟ್ ಕಟ್ಟಡಕ್ಕೆ ಸವಕಳಿ ಅವಧಿ, ಅಂದರೆ ಕಟ್ಟಡದ ಬೆಲೆಯನ್ನು ವರ್ಷವರ್ಷ ಹಂಚಿ ಆದಾಯದಿಂದ ಕಳೆಯುವ ಅವಧಿ, 47 ವರ್ಷ. ಹಳೆಯದನ್ನು ಕೊಂಡರೆ ಉಳಿದ ವರ್ಷಗಳಿಗೆ ಕಳೆದ ವರ್ಷಗಳ ಐದನೇ ಒಂದು ಭಾಗ ಸೇರಿಸಬೇಕು. 40 ವರ್ಷದ್ದಾದರೆ 7 ಮತ್ತು 8 ಸೇರಿ 15 ವರ್ಷ. 47 ದಾಟಿದ್ದರೆ 9 ವರ್ಷ. ‘ತೆರಿಗೆ ಉಳಿಸಿ’ ಎನ್ನುವ ಮಾರಾಟಗಾರರು ಮುಂದಿನದನ್ನು ಹೇಳುವುದಿಲ್ಲ: ಆದಾಯದಿಂದ ಕಳೆದ ಸವಕಳಿಯಷ್ಟೂ ಲೆಕ್ಕದಲ್ಲಿ ನಿಮ್ಮ ಖರೀದಿ ಬೆಲೆ ಇಳಿಯುತ್ತದೆ, ಮಾರುವಾಗ ಲಾಭ ದೊಡ್ಡದಾಗಿ ಕಾಣುತ್ತದೆ. ಮಾರಿದ ವರ್ಷದ ಜನವರಿ 1ಕ್ಕೆ ಐದು ವರ್ಷ ದಾಟಿದ್ದರೆ ಜಪಾನಿನಲ್ಲಿ ನೆಲೆಸಿರುವವರಿಗೆ ಲಾಭದ ಮೇಲೆ ಶೇ. 20.315, ಇಲ್ಲದಿದ್ದರೆ ಶೇ. 39.63.

ಜಪಾನಿನ ಹೊರಗಿದ್ದರೆ ಅಲ್ಲೇ ಒಬ್ಬ ತೆರಿಗೆ ಪ್ರತಿನಿಧಿಯನ್ನು ನೇಮಿಸಬೇಕು. ಬಾಡಿಗೆದಾರ ಕಂಪನಿಯಾದರೆ ಶೇ. 20.42 ಹಿಡಿದು ಕೊಡುತ್ತದೆ. ತಾವೇ ವಾಸಿಸುವ ವ್ಯಕ್ತಿಯಾದರೆ ಹಿಡಿಯುವಂತಿಲ್ಲ. ಮಾರುವಾಗ ಕೊಳ್ಳುವವರು ಬೆಲೆಯ ಶೇ. 10.21 ಹಿಡಿಯುತ್ತಾರೆ, ಸ್ವಂತ ವಾಸಕ್ಕೆಂದು 10 ಕೋಟಿ ಯೆನ್‌ವರೆಗೆ ಕೊಳ್ಳುವವರಿಗೆ ಮಾತ್ರ ಇದರಿಂದ ವಿನಾಯಿತಿ. ಎರಡೂ ಮುಂಗಡ ತೆರಿಗೆಯೇ, ವಿವರ ಸಲ್ಲಿಸಿ ಹೆಚ್ಚಾದದ್ದನ್ನು ವಾಪಸು ಪಡೆಯಬಹುದು.

ಭಾರತದಿಂದ ಹಣ ಕಳಿಸುವುದು ಹೇಗೆ?

ನಿವಾಸಿಗಳು ಹೊರದೇಶಕ್ಕೆ ಹಣ ಕಳಿಸಲು ಬಿಡುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರಿಗೆ ಆರ್ಥಿಕ ವರ್ಷಕ್ಕೆ ಮಿತಿ 2,50,000 ಡಾಲರ್. ಹೂಡಿಕೆಗೆ ಕಳಿಸುವಾಗ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ಅದು ನಿಮ್ಮ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಅಷ್ಟು ಹಣ ಕೈಯಲ್ಲಿರುವುದಿಲ್ಲ. ಇದಕ್ಕಾಗಿ ಇಲ್ಲಿನ ಬ್ಯಾಂಕು ಸಾಲ ಕೊಡುವಂತಿಲ್ಲ. ಭಾರತದ ಸಾಮಾನ್ಯ ನಿವಾಸಿಯಾದವರು ಜಪಾನಿನ ಬಾಡಿಗೆಯನ್ನು ಇಲ್ಲೂ ತೋರಿಸಿ ಅಲ್ಲಿ ಕಟ್ಟಿದ ತೆರಿಗೆಗೆ ರಿಯಾಯಿತಿ ಪಡೆಯಬೇಕು, ಆಸ್ತಿಯನ್ನು ವಿದೇಶಿ ಆಸ್ತಿ ಪಟ್ಟಿಯಲ್ಲಿ ಬರೆಯಬೇಕು. ಬರೆಯದಿದ್ದರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಜಪಾನಿನಲ್ಲಿ ನೆಲೆಸಿದ್ದಾಗ ಕೊಂಡದ್ದನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಬಹುದು. ಹೊರಡುವ ಮುಂಚೆ ತೆರಿಗೆ ಪ್ರತಿನಿಧಿ, ಸಂಘದ ಪತ್ರ ತಲುಪುವ ವಿಳಾಸ, ಶುಲ್ಕ ಕಟ್ ಆಗುವ ಬ್ಯಾಂಕ್ ಖಾತೆ, ಈ ಮೂರನ್ನೂ ಖಚಿತಪಡಿಸಿಕೊಳ್ಳಿ. ಹೊರದೇಶಕ್ಕೆ ಹೋದವರ ಖಾತೆಗೆ ಬ್ಯಾಂಕುಗಳು ನಿರ್ಬಂಧ ಹಾಕುವುದುಂಟು. 2026ರ ಏಪ್ರಿಲ್‌ನಿಂದ ಮಾಲೀಕರ ವಿಳಾಸ ಬದಲಾದರೆ ಎರಡು ವರ್ಷದೊಳಗೆ ನೋಂದಣಿಯಲ್ಲೂ ತಿದ್ದಿಸಬೇಕು.

ಮಾಲೀಕರು ತೀರಿಕೊಂಡರೆ?

ವಾರಸುದಾರರು ಎಲ್ಲೇ ಇರಲಿ, ಜಪಾನಿನ ಆಸ್ತಿಗೆ ಅಲ್ಲಿನ ಉತ್ತರಾಧಿಕಾರ ತೆರಿಗೆ ಅನ್ವಯಿಸುತ್ತದೆ. ವಿನಾಯಿತಿ 3 ಕೋಟಿ ಯೆನ್ ಮತ್ತು ಪ್ರತಿ ವಾರಸುದಾರರಿಗೆ 60 ಲಕ್ಷ. ಆದ್ದರಿಂದ ಜಪಾನಿನಲ್ಲಿ ಒಂದು ಚಿಕ್ಕ ಫ್ಲ್ಯಾಟು ಮಾತ್ರ ಇರುವ ಭಾರತವಾಸಿಗಳ ಕುಟುಂಬಕ್ಕೆ ತೆರಿಗೆ ಬೀಳುವುದು ಅಪರೂಪ. ಆದರೆ 2024ರ ಏಪ್ರಿಲ್‌ನಿಂದ ವಾರಸುದಾರರ ಹೆಸರಿಗೆ ನೋಂದಣಿಯನ್ನು ವಿಷಯ ತಿಳಿದ ಮೂರು ವರ್ಷದೊಳಗೆ ಮಾಡಿಸುವುದು ಕಡ್ಡಾಯ, ತಪ್ಪಿದರೆ 1 ಲಕ್ಷ ಯೆನ್‌ವರೆಗೆ ದಂಡ. ನೋಂದಣಿ ವಕೀಲರು, ತೆರಿಗೆ ಪ್ರತಿನಿಧಿ, ಬಾಡಿಗೆ ನೋಡಿಕೊಳ್ಳುವ ಸಂಸ್ಥೆ, ಸಂಘದ ನಿರ್ವಹಣಾ ಸಂಸ್ಥೆ, ಬ್ಯಾಂಕ್ ಖಾತೆ ಇವುಗಳ ವಿವರವನ್ನು ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು, ಖರೀದಿ ಕರಾರಿನ ಪ್ರತಿಯೊಂದಿಗೆ ಕೊಂಡ ವಾರವೇ ಕೊಟ್ಟಿಡಿ.